ಎಣ್ಣೆ ಡಬ್ಬದ ಅಂಚೆ ಪೆಟ್ಟಿಗೆ: ಶಾಲೆ ಮುಗಿಯುವ ಮುಂಚಿನ ಆರು ವಾರ

ನಮ್ಮದು ಶಿರಸಿ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೇ ತರಗತಿ, 23 ಮಕ್ಕಳು, ಒಬ್ಬರು ಮಾಸ್ತರು, ಒಬ್ಬಳು ಅಕ್ಕೋರು. ಅಕ್ಕೋರು ನಾನು. ಐದು ಮುಗಿಸಿದವರು ಜೂನಿನಿಂದ ನಾಲ್ಕು ಕಿಲೋಮೀಟರ್ ಆಚೆಯ ಹಿರಿಯ ಪ್ರಾಥಮಿಕ ಶಾಲೆಗೆ ಹೋಗುತ್ತಾರೆ. ಪ್ರತಿ ವರ್ಷ ಬೀಳ್ಕೊಡುಗೆ ಅಂದರೆ ಒಂದು ಫೋಟೊ, ಒಂದು ಪೆನ್ನು, ಒಂದು ಲಾಡು. 2024ರಲ್ಲಿ ಪತ್ರ ಬರೆಸೋಣ ಅಂದುಕೊಂಡೆ. ಅದು ಕೊನೆಗೆ ತಗಡು ಕೆಲಸ, ಬಣ್ಣದ ಕೆಲಸ, ಹೊಲಿಗೆ ಕೆಲಸ ಎಲ್ಲ ಆಯಿತು. ದಿನದಿನ ಗೀಚಿಟ್ಟದ್ದನ್ನು ಇಲ್ಲಿ ಸರಿಮಾಡಿ ಬರೆದಿದ್ದೇನೆ. ಕೆಟ್ಟುಹೋದ ಕೆಲಸವನ್ನೂ ಬಿಟ್ಟಿಲ್ಲ. ಮಾಡಿ ನೋಡುವವರಿಗೆ ಅದೇ ಜಾಸ್ತಿ ಉಪಯೋಗಕ್ಕೆ ಬರುವುದು.

ಫೆಬ್ರವರಿ 26, ಸೋಮವಾರ

ಮೂರು, ನಾಲ್ಕು, ಐದನೇ ತರಗತಿಯ 15 ಮಕ್ಕಳಿಗೆ ‘ನಿಮ್ಮ ಗೆಳೆಯನಿಗೆ ಅಥವಾ ಗೆಳತಿಗೆ ಪತ್ರ ಬರೆಯಿರಿ’ ಎಂದು ಬೋರ್ಡಿನ ಮೇಲೆ ಬರೆದೆ. ಅರ್ಧ ಗಂಟೆಗೆ 15 ಕಾಗದ ಬಂದವು. ಹದಿನೈದರಲ್ಲೂ ಮೊದಲ ಸಾಲು ಒಂದೇ. ‘ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನೀನು ಅಲ್ಲಿ ಕ್ಷೇಮವಾಗಿರುವೆ ಎಂದು ನಂಬಿದ್ದೇನೆ.’ ಬರೆದದ್ದು ಯಾರಿಗೆ? ಅದೇ ಚಾಪೆಯ ಮೇಲೆ ಮೊಣಕೈ ತಾಗಿಸಿಕೊಂಡು ಕೂತವನಿಗೆ!

ತಪ್ಪು ಮಕ್ಕಳದ್ದಲ್ಲ. ಎಡಗಡೆ ‘ಕ್ಷೇಮ’, ನಡುವೆ ‘ಶ್ರೀ’, ಬಲಗಡೆ ಊರು ಮತ್ತು ತಾರೀಖು ಎಂದು ಪರೀಕ್ಷೆಗಾಗಿ ಬಾಯಿಪಾಠ ಮಾಡಿಸಿದವಳು ನಾನೇ. ನನ್ನ ಅಜ್ಜನೂ ‘ಉಭಯ ಕುಶಲೋಪರಿ ಸಾಂಪ್ರತ’ ಅಂತಲೇ ಶುರು ಮಾಡುತ್ತಿದ್ದರು. ಆದರೆ ಆಮೇಲೆ ಅಡಿಕೆಗೆ ಬಂದ ಕೊಳೆ, ಎಮ್ಮೆ ಹಾಕಿದ ಕರು, ಯಾರ ಮನೆಯ ಮದುವೆಗೆ ಯಾರು ಹೋಗಲಿಲ್ಲ, ಎಲ್ಲ ಬರುತ್ತಿತ್ತು. ನಮ್ಮ ಮಕ್ಕಳ ಕಾಗದದಲ್ಲಿ ಕುಶಲ ಮುಗಿದ ಮೇಲೆ ಬರೀ ಬಿಳಿ ಜಾಗ.

ಕಾಗದ ಕೊಡುವಾಗ ನಾಲ್ಕನೇ ತರಗತಿಯ ಒಬ್ಬ ಹುಡುಗ ಕೇಳಿದ, ‘ಅಕ್ಕೋರೆ, ಇದನ್ನ ಈಗ ಎಲ್ಲಿಗೆ ಹಾಕ್ಬೇಕು?’

ಹಾಕುವುದಕ್ಕೆ ಜಾಗವೇ ಇರಲಿಲ್ಲ. ನನ್ನ ಟೇಬಲ್ಲಿನ ಮೇಲಿಟ್ಟರೆ ಅದು ಪತ್ರವಲ್ಲ, ಉತ್ತರಪತ್ರಿಕೆ. ಮೊದಲು ಡಬ್ಬಿ ಆಗಬೇಕು ಅನ್ನಿಸಿತು.

ಫೆಬ್ರವರಿ 28, ಬುಧವಾರ

ರಟ್ಟಿನ ಪೆಟ್ಟಿಗೆಗೆ ಕೆಂಪು ಕಾಗದ ಅಂಟಿಸಿದರೆ ಹತ್ತು ನಿಮಿಷದ ಕೆಲಸ. ಆದರೆ ರಟ್ಟು ನಮ್ಮ ಕಡೆ ಒಂದು ಮಳೆಗಾಲ ಬಾಳುವುದಿಲ್ಲ, ಗೆದ್ದಲು ಬೇರೆ. ಪೇಟೆಯ ಒಂದು ಹೋಟೆಲಿನಿಂದ 15 ಕೆಜಿಯ ಚೌಕ ಎಣ್ಣೆ ಡಬ್ಬ ತಂದೆ, 40 ರೂಪಾಯಿ. ಇದರ ಒಂದೊಂದು ಮೈ ಸುಮಾರು 23 ಸೆಂಟಿಮೀಟರ್ ಅಗಲ ಇರುತ್ತದೆ. ಪೋಸ್ಟ್ ಕಾರ್ಡಿನ ಅಳತೆ 14 ಸೆಂ.ಮೀ.ಗೆ 9 ಸೆಂ.ಮೀ. ಹಾಗಾಗಿ ಕಾರ್ಡು ಅಡ್ಡಡ್ಡ ಇಟ್ಟರೂ ಸಲೀಸಾಗಿ ಒಳಗೆ ಬೀಳುತ್ತದೆ.

ಮಾಸ್ತರು ತಗಡು ಕತ್ತರಿ ತಂದರು. ಕಾಗದ ಹಾಕುವ ಬಾಯಿ ಕೊರೆಯುವಾಗ ಒಂದು ವಿಷಯ ಗಮನಿಸಬೇಕು. ಉದ್ದಕ್ಕೆ ಪಟ್ಟಿ ಕತ್ತರಿಸಿ ತೆಗೆದರೆ ಅಂಚು ಬ್ಲೇಡಿನ ಹಾಗೆ ನಿಲ್ಲುತ್ತದೆ. ಮಕ್ಕಳ ಬೆರಳು ಹೋಗುವ ಜಾಗ ಅದು. ಅದಕ್ಕೇ ನಾವು ತಗಡನ್ನು ಕತ್ತರಿಸಿ ಬಿಸಾಡಲಿಲ್ಲ. ನಡುವೆ 17 ಸೆಂ.ಮೀ. ಉದ್ದದ ಒಂದೇ ಗೆರೆ ಕೊರೆದು, ಎರಡೂ ತುದಿಯಲ್ಲಿ ಮೇಲಕ್ಕೊಂದು ಕೆಳಕ್ಕೊಂದು ಸೆಂ.ಮೀ. ಅಡ್ಡ ಕಚ್ಚು ಹಾಕಿದೆವು. ಈಗ ಮೇಲೊಂದು ಕೆಳಗೊಂದು ಪಟ್ಟಿ ಬಾಗಿಲಿನ ಹಾಗೆ ತೆರೆಯುತ್ತವೆ. ಎರಡನ್ನೂ ಒಳಗೆ ಮಡಿಸಿ, ಒಳಗಿನಿಂದ ಮರದ ತುಂಡು ಕೊಟ್ಟು ಸುತ್ತಿಗೆಯಲ್ಲಿ ತಟ್ಟಿ ಚಪ್ಪಟೆ ಮಾಡಿದೆವು. ಮಡಿಸಿದ ಅಂಚು ಬೆರಳಿಗೆ ನುಣ್ಣಗೆ ಸಿಗುತ್ತದೆ, ಬಾಯಿಗೂ ಬಲ ಬರುತ್ತದೆ. ತುದಿಯ ನಾಲ್ಕು ಮೂಲೆಗೆ ಮಾತ್ರ ಅರ ಹಾಕಿದೆವು.

ಹಿಂದಿನ ಮೈಯಲ್ಲಿ ನಾಲ್ಕೂ ಬದಿ ಕತ್ತರಿಸಿ ಬಾಗಿಲು. ಅದರ ಅಂಚನ್ನೂ ಹಾಗೇ ಮಡಿಸಿದ್ದು. ಕೀಲಿಗೆ ಎರಡು ಸಣ್ಣ ಕಬ್ಬಿಣದ ಹಿಂಜಸ್, ಕೊಂಡಿಗೆ 30 ರೂಪಾಯಿಯ ಬೀಗ.

ಮಾರ್ಚ್ 2, ಶನಿವಾರ

ಸಾಬೂನು ಹಾಕಿ ತೊಳೆದು, ಒಣಗಿಸಿ, ಮಕ್ಕಳ ಕೈಗೆ ಕುಂಚ ಕೊಟ್ಟೆ. ಎನಾಮಲ್ ಪೇಂಟ್, ಒಂದು ಕೋಟು. ನೋಡಲು ಚೆನ್ನಾಗಿಯೇ ಇತ್ತು.

ಮಾರ್ಚ್ 4, ಸೋಮವಾರ

ಬೆಳಿಗ್ಗೆ ಬಂದು ನೋಡಿದರೆ ಒಂದನೇ ತರಗತಿಯ ನಾಲ್ವರೂ ಡಬ್ಬದ ಸುತ್ತ ಕೂತಿದ್ದಾರೆ. ಉಗುರಿನಲ್ಲಿ ಕೆರೆದರೆ ಪೇಂಟ್ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಉದ್ದಕ್ಕೆ ಎದ್ದು ಬರುತ್ತಿತ್ತು. ಅವರಿಗೆ ಅದಕ್ಕಿಂತ ಒಳ್ಳೆ ಆಟ ಬೇರೆ ಇಲ್ಲ. ಒಬ್ಬಳು ಅಂಗೈ ಅಗಲದ ಕೆಂಪು ಸಿಪ್ಪೆಯನ್ನು ಪುಸ್ತಕದ ನಡುವೆ ಇಟ್ಟುಕೊಂಡಿದ್ದಳು, ನವಿಲುಗರಿಯ ಹಾಗೆ.

ಸಾಬೂನಿಗೆ ಎಣ್ಣೆ ಜಿಡ್ಡು ಪೂರ್ತಿ ಹೋಗಿರಲಿಲ್ಲ. ಸಾಲದ್ದಕ್ಕೆ ಡಬ್ಬದ ಮೇಲಿನ ಕಂಪನಿ ಬಣ್ಣ ಕನ್ನಡಿಯ ಹಾಗೆ ನುಣುಪು, ಪೇಂಟಿಗೆ ಹಿಡಿತವೇ ಸಿಗುವುದಿಲ್ಲ. ಎರಡನೇ ಸಲ ಹೀಗೆ ಮಾಡಿದೆವು: ವಾಷಿಂಗ್ ಸೋಡಾ ಹಾಕಿದ ಬಿಸಿನೀರಲ್ಲಿ ಒಳಗೂ ಹೊರಗೂ ತಿಕ್ಕಿದ್ದು, ಒಣಗಿದ ಮೇಲೆ 120 ನಂಬರ್ ಮರಳು ಕಾಗದದಲ್ಲಿ ಹೊಳಪು ಹೋಗುವವರೆಗೆ ಉಜ್ಜಿದ್ದು, ಥಿನ್ನರ್ ಬಟ್ಟೆಯಲ್ಲಿ ಒರೆಸಿದ್ದು, ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೋಟು, ಒಂದು ಇಡೀ ದಿನ ಬಿಟ್ಟು ಎನಾಮಲ್ ಎರಡು ಕೋಟು. ಥಿನ್ನರ್ ಕೆಲಸ ಮಾಸ್ತರು ಹೊರಗೆ ಗಾಳಿಯಲ್ಲಿ ಕೂತು ಮಾಡಿದರು, ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಆಮೇಲೆ ಉಗುರು ಹೋಗಲಿ, ಕಂಪಾಸಿನ ಮುಳ್ಳಿನಲ್ಲಿ ಕೆರೆದರೂ ಏಳಲಿಲ್ಲ.

ಮಾರ್ಚ್ 7, ಗುರುವಾರ

ಡಬ್ಬಿಯನ್ನು ಜಗುಲಿಯ ಕಂಬಕ್ಕೆ ಕಟ್ಟಿದೆವು. ಎತ್ತರ ಒಂದನೇ ತರಗತಿಯ ಮಗುವಿನ ಗಲ್ಲದ ಮಟ್ಟ. ಬಾಯಿಯ ಮೇಲೆ ಮಳೆಗೆ ಒಂದು ತಗಡಿನ ಹುಬ್ಬು.

ಎರಡೇ ಗಂಟೆಯಲ್ಲಿ ತೊಂದರೆ ಶುರು. ಪುಟ್ಟ ಕೈಗಳು ಒಳಗೆ ಹೋಗಿ ಬೇರೆಯವರ ಪತ್ರ ಎಳೆಯುತ್ತಿದ್ದವು. ಬಾಯಿಯ ಹಿಂದೆ ಒಳಗಡೆ ಇಳಿಜಾರಾಗಿ ಒಂದು ತಗಡು ಕೂರಿಸಬೇಕಾಯಿತು. ಕಾಗದ ಜಾರಿ ಕೆಳಗೆ ಬೀಳುತ್ತದೆ, ಕೈ ಅಡ್ಡ ತಗಡಿಗೆ ತಾಗಿ ನಿಲ್ಲುತ್ತದೆ. ಊರ ಅಂಚೆ ಡಬ್ಬಿಯಲ್ಲೂ ಹೀಗೇ ಒಂದು ಅಡ್ಡ ಇದೆ ಅಂತ ಐದನೇ ತರಗತಿಯ ಹುಡುಗಿ ಹೇಳಿದಳು. ಗೊತ್ತಾದದ್ದು ಹೇಗೆ ಅಂತ ನಾನು ಕೇಳಲಿಲ್ಲ.

ಅಂಚೆಚೀಟಿ ಮತ್ತು ಠಸ್ಸೆ

ಈ ಭಾಗಕ್ಕೆ ತಾರೀಖು ಹಾಕುವುದಿಲ್ಲ, ಮಧ್ಯೆ ಮಧ್ಯೆ ನಡೆದ ಕೆಲಸ.

ಚೀಟಿಗೆ ಎ4 ಹಾಳೆಯಲ್ಲಿ ಚೌಕ ಹಾಕಿ ಮಕ್ಕಳೇ ಚಿತ್ರ ಬರೆದರು. ಅಡಿಕೆ ಗೊನೆ, ಶಾಲೆಯ ಗಂಟೆ, ಹಲಸಿನ ಹಣ್ಣು, ಅಡುಗೆಯಕ್ಕನ ಸೌಟು. ಅಂಚಿನ ತೂತು ಹೇಗೆ? ಒಬ್ಬ ಹುಡುಗಿಯ ಅಮ್ಮ ಟೈಲರ್. ಹೊಲಿಗೆ ಮಿಷನ್ನಿನಲ್ಲಿ ದಾರ ಪೋಣಿಸದೆ, ಬರೀ ಸೂಜಿ ಓಡಿಸಿದರೆ ಸಾಲಾಗಿ ತೂತು ಬೀಳುತ್ತದೆ. ಹೊಲಿಗೆಯ ಉದ್ದ ಜಾಸ್ತಿ ಇಟ್ಟುಕೊಳ್ಳಬೇಕು. ಸಣ್ಣ ಹೊಲಿಗೆಯಲ್ಲಿ ಮಾಡಿದ ಮೊದಲ ಹಾಳೆ ಎತ್ತುವಾಗಲೇ ಹರಿದುಹೋಯಿತು. ಒಂದು ಸಲಕ್ಕೆ ಎರಡು ಹಾಳೆ ಸಾಕು. ಕಾಗದ ಹೊಲಿದರೆ ಸೂಜಿ ಮೊಂಡಾಗುತ್ತದೆ, ಹಾಗಾಗಿ ಹಳೇ ಸೂಜಿಯನ್ನೇ ಹಾಕಿ. ಹೊಸ ಸೂಜಿ ಹಾಳು ಮಾಡಿದ್ದಕ್ಕೆ ನಾನು ಒಂದು ಪ್ಯಾಕೆಟ್ ಸೂಜಿ ತಂದು ಕೊಟ್ಟೆ.

ಅಂಟು ಮೈದಾದ್ದು. ಎರಡು ದಿನಕ್ಕೆ ಇರುವೆ ಹತ್ತಿತು. ಪುಸ್ತಕ ಬೈಂಡಿಂಗ್ ಮಾಡುವವರು ಅಂಟಿಗೆ ಮೈಲುತುತ್ತ ಹಾಕುತ್ತಾರೆ, ಹುಳ ಬರುವುದಿಲ್ಲ. ಆದರೆ ಅದು ವಿಷ, ಮಕ್ಕಳು ಚೀಟಿಯನ್ನು ನೆಕ್ಕದೆ ಬಿಡುವುದಿಲ್ಲ. ದಿನಾ ಬೆಳಿಗ್ಗೆ ಬೇಕಾದಷ್ಟೇ ಅಂಟು ಕಾಯಿಸಿದರಾಯಿತು, ಸುಮ್ನೆ ಶೇಖರಿಸಿಡಬಾರದು.

ಚೀಟಿಯ ಬೆಲೆ ಒಂದು ಹುಣಸೆ ಬೀಜ ಅಂತ ಮಾಡಿದ್ದೆ. ಮೂರನೇ ದಿನ ಒಬ್ಬ ಮನೆಯಿಂದ ಒಂದು ಸೇರು ಬೀಜ ತಂದ. ಅಂದು ಸಂಜೆಯೊಳಗೆ ನನ್ನ ಇಡೀ ದಾಸ್ತಾನು ಅವನ ಚೀಲದಲ್ಲಿತ್ತು, ಅವನು ಅದನ್ನು ಬಳಪಕ್ಕೆ ಮಾರುತ್ತಿದ್ದ. ಬೆಲೆ ರದ್ದು ಮಾಡಿದೆ. ಪತ್ರವನ್ನು ಒಬ್ಬ ಜೊತೆಗಾರನಿಗೆ ಓದಲು ಕೊಡಬೇಕು, ಅವನು ತಡವರಿಸಿದ ಕಡೆ ತಿದ್ದಿ ಬಂದರೆ ಚೀಟಿ ಉಚಿತ ಎಂದು ಹೊಸ ಕಾನೂನು. ಇದರಿಂದ ನನ್ನ ಕೆಂಪು ಪೆನ್ನಿಗೆ ಕೆಲಸ ತಪ್ಪಿತು. ಒತ್ತಕ್ಷರ ಬಿಡುವ ಹುಡುಗ ‘ಅಜಿ ಹಬಕೆ ಬಾ’ ಎಂದು ಬರೆದಿದ್ದ. ಓದುವವನು ‘ಅಜಿ ಯಾರೋ?’ ಅಂದಾಗ ಇವನೇ ಕಾಗದ ಕಿತ್ತುಕೊಂಡು ಒತ್ತು ಹಾಕಿದ. ನಾನು ವರ್ಷವಿಡೀ ಸುತ್ತು ಹಾಕಿ ತೋರಿಸಿದ್ದು ಅವನಿಗೆ ನಾಟಿರಲಿಲ್ಲ.

ಠಸ್ಸೆಯನ್ನು ಮೊದಲು ಆಲೂಗಡ್ಡೆಯಲ್ಲಿ ಕೊರೆದೆವು, ಮರುದಿನಕ್ಕೆ ಸುಕ್ಕಾಗಿ ವಾಸನೆ ಬಂತು. ಎರಡನೆಯದು ಹವಾಯಿ ಚಪ್ಪಲಿಯ ಅಟ್ಟೆ. ಅಟ್ಟೆಯಲ್ಲಿ ಗೀರುಗೀರು ವಿನ್ಯಾಸ ಇರುತ್ತದೆ, ಅದನ್ನು ಸಿಮೆಂಟ್ ನೆಲಕ್ಕೆ ಉಜ್ಜಿ ಸಮ ಮಾಡಬೇಕು. ದುಂಡಗೆ ಕತ್ತರಿಸಿ, ಮರದ ತುಂಡಿಗೆ ಅಂಟಿಸಿ, ‘ಶಾಲೆ ಅಂಚೆ’ ಎಂದು ಬ್ಲೇಡಿನಲ್ಲಿ ನಾನೇ ಕೊರೆದೆ. ಒತ್ತಿ ನೋಡಿದರೆ ಅಕ್ಷರವೆಲ್ಲ ಉಲ್ಟಾ. ಇಪ್ಪತ್ತು ವರ್ಷ ಅಕ್ಷರ ಕಲಿಸಿದವಳಿಗೆ ಈ ಗತಿ! ಎರಡನೇ ತರಗತಿಯವಳೊಬ್ಬಳು ಆ ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದಿನಿಂದ ನೋಡಿ, ‘ಈ ಕಡೆಯಿಂದ ಸರಿ ಇದೆ ಅಕ್ಕೋರೆ’ ಅಂದಳು. ಅಲ್ಲಿಗೆ ದಾರಿ ಸಿಕ್ಕಿತು. ತೆಳು ಕಾಗದದ ಮೇಲೆ ಸೀಸದಕಡ್ಡಿಯಲ್ಲಿ ದಪ್ಪಗೆ ಬರೆದು, ಮಗುಚಿ ರಬ್ಬರಿನ ಮೇಲಿಟ್ಟು ಚಮಚದಿಂದ ಉಜ್ಜಿದರೆ ಅಕ್ಷರ ತಿರುವುಮುರುವಾಗಿ ಮೂಡುತ್ತದೆ, ಅದರ ಮೇಲೆಯೇ ಕೊರೆಯುವುದು. ತಾರೀಖಿಗೆ ನಡುವೆ ಖಾಲಿ ಜಾಗ ಬಿಟ್ಟು ಪೆನ್ನಿನಲ್ಲಿ ತುಂಬಿದೆವು.

ಮಾರ್ಚ್ 13, ಬುಧವಾರ

ಇಡೀ ರಾಜ್ಯದ ಐದನೇ ತರಗತಿಯ ಮೌಲ್ಯಾಂಕನ ಪರೀಕ್ಷೆ ಸೋಮವಾರ ಶುರುವಾಗಿತ್ತು. ಬೆನ್ನಿಗೇ ಸುಪ್ರೀಂ ಕೋರ್ಟಿನ ಆದೇಶ ಬಂದು ಮಧ್ಯದಲ್ಲಿ ನಿಂತಿತು. ಮಕ್ಕಳು ಓದಬೇಕೋ ಬೇಡವೋ ಗೊತ್ತಿಲ್ಲದೆ ಕೂತಿದ್ದರು. ನನಗೆ ಪತ್ರಕ್ಕೆ ಸಮಯ ಸಿಕ್ಕಿತು.

ಹಳೇ ಸೀರೆಯೊಂದಕ್ಕೆ ಟೈಲರ್ ಅಮ್ಮ ಜೇಬು ಹೊಲಿದು ಕೊಟ್ಟರು, ಏಳರಂತೆ ನಾಲ್ಕು ಸಾಲು, ಒಟ್ಟು 28. ಮಕ್ಕಳಿಗೆ 23, ನಮ್ಮಿಬ್ಬರಿಗೆ ಎರಡು, ಅಡುಗೆಯಕ್ಕನಿಗೊಂದು, ಅಂಗನವಾಡಿಗೊಂದು. ಉಳಿದದ್ದರ ಮೇಲೆ ‘ವಿಳಾಸ ಸರಿಯಿಲ್ಲ’ ಎಂದು ಬರೆದೆವು. ಅದೇ ಎಲ್ಲಕ್ಕಿಂತ ಬೇಗ ತುಂಬುತ್ತಿತ್ತು.

ಮೊದಲ ಬಟವಾಡೆ ಮಾಡಿದಾಗ ನನ್ನ ಎದೆ ಧಸಕ್ಕೆಂದಿತು. ಒಬ್ಬಳಿಗೆ ಒಂಬತ್ತು ಪತ್ರ. ಮೂವರಿಗೆ ಒಂದೂ ಇಲ್ಲ. ಆ ಮೂವರಲ್ಲಿ ಒಬ್ಬ ತನ್ನ ಜೇಬಿಗೆ ಎರಡು ಸಲ ಕೈ ಹಾಕಿ ನೋಡಿದ. ಇದನ್ನು ಮುಂಚೆಯೇ ಯೋಚಿಸಬೇಕಿತ್ತು. ಮಾರನೇ ದಿನದಿಂದ ಹೆಸರಿನ ಚೀಟಿ ಎತ್ತುವುದು ಕಡ್ಡಾಯ ಮಾಡಿದೆ. ದಿನದ ಮೊದಲ ಪತ್ರ ಚೀಟಿಯಲ್ಲಿ ಬಂದ ಹೆಸರಿಗೆ, ಆಮೇಲೆ ಯಾರಿಗೆ ಬೇಕಾದರೂ. ಜೊತೆಗೆ ನಾನು ನಾಲ್ಕು ರಾತ್ರಿ ಕೂತು 23 ಪತ್ರ ಬರೆದೆ. ಒಂದರ ಹಾಗೆ ಇನ್ನೊಂದು ಇರಬಾರದು ಅಂತ ಹಟ. ಹದಿನಾರನೆಯದಕ್ಕೆ ಬರುವಾಗ ನನಗೂ ‘ಚೆನ್ನಾಗಿ ಓದು’ ಎಂದು ಬರೆದು ಮುಗಿಸುವ ಆಸೆಯಾಯಿತು. ಫೆಬ್ರವರಿ 26ರ ಮಕ್ಕಳ ಕಷ್ಟ ಆಗ ಅರ್ಥವಾಯಿತು.

ಮಾರ್ಚ್ 15, ಶುಕ್ರವಾರ

ಕುಶಲದ ಸಾಲಿಗೆ ಮದ್ದು ಹುಡುಕುತ್ತಿದ್ದೆ. ‘ಪ್ರವಾಸದ ಬಗ್ಗೆ ಬರೆ’, ‘ಹಬ್ಬದ ಬಗ್ಗೆ ಬರೆ’ ಅಂದರೆ ಪ್ರಬಂಧ ಬರುತ್ತದೆ. ಕೊನೆಗೆ ಕೆಲಸ ಮಾಡಿದ್ದು ಹೀಗೆ: ಪ್ರತಿ ಪತ್ರದಲ್ಲಿ ನಿನಗೆ ಮಾತ್ರ ಗೊತ್ತಿರುವ ಒಂದು ವಿಷಯ ಇರಬೇಕು, ಉತ್ತರ ನಿಜಕ್ಕೂ ಬೇಕು ಅನ್ನಿಸುವ ಒಂದು ಪ್ರಶ್ನೆ ಇರಬೇಕು. ಅಷ್ಟೇ. ಉದ್ದ ಎಷ್ಟಾದರೂ ಸರಿ.

ಆಮೇಲೆ ‘ನನ್ನ ಜಾಗದಲ್ಲಿ ಕೂರುವವರಿಗೆ’ ಎಂಬ ಪತ್ರ. ಮುಂದಿನ ವರ್ಷ ಈ ಚಾಪೆಯ ಈ ಮೂಲೆಗೆ ಯಾರು ಬರುತ್ತಾರೋ ಅವರಿಗೆ. ಬಂದವುಗಳಲ್ಲಿ ಒಂದೆರಡನ್ನು ಹಾಗೇ ಕೊಡುತ್ತೇನೆ, ಒತ್ತಕ್ಷರ ಮಾತ್ರ ನಾನು ಹಾಕಿದ್ದು.

‘ಕಿಟಕಿ ಹತ್ತಿರ ಕೂರುವವರಿಗೆ. ಜೂನಿನಲ್ಲಿ ಇಲ್ಲಿ ಇರಚಲು ಹೊಡೆಯುತ್ತದೆ. ಪುಸ್ತಕ ಎಡಗಡೆ ಇಡು. ಗೋಡೆಯ ಮೂರನೇ ಗೂಟ ಸಡಿಲ ಇದೆ, ಚೀಲ ಹಾಕಬೇಡ, ನನ್ನ ಚೀಲ ಎರಡು ಸಲ ಬಿದ್ದಿದೆ. ಮಾಸ್ತರು ಸಿಟ್ಟು ಬಂದರೆ ಕನ್ನಡಕ ತೆಗೆಯುತ್ತಾರೆ. ಆಗ ಸುಮ್ಮನಿರು. ನಿನಗೆ ಕಿಟಕಿಯಿಂದ ಮಂಗ ಕಂಡರೆ ಯಾರಿಗೆ ಮೊದಲು ಹೇಳುತ್ತಿ?’

‘ಬಾಗಿಲ ಹತ್ತಿರ ಚಳಿ. ಆದರೆ ಊಟಕ್ಕೆ ಮೊದಲು ಓಡಬಹುದು.’

ಗೂಟ ಸಡಿಲ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ. ಮಾಸ್ತರು ಪತ್ರ ಓದಿ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು, ಹೋಗಿ ಗೂಟಕ್ಕೆ ಬೆಣೆ ಹೊಡೆದರು.

ಒಂದು, ಎರಡನೆಯವರು ಸಣ್ಣವರು, ಎಲ್ಲರಿಗೂ ಬರೆಯಲು ಬಾರದು. ಅವರು ಚಿತ್ರ ಬರೆದು, ಕೆಳಗೆ ಏನು ಬರೆಯಬೇಕೆಂದು ಐದನೆಯವರಿಗೆ ಹೇಳಿ ಬರೆಸಿದರು. ಬರೆದುಕೊಡುವವರು ಒಂದು ಮಾತನ್ನೂ ತಿದ್ದಬಾರದು ಎಂಬುದು ಷರತ್ತು. ಇದಕ್ಕೇ ಜಗಳ ಜಾಸ್ತಿ. ‘ನಾಯಿ ಹೇತಿತು ಅಂತ ಹೇಗೆ ಬರೆಯೂದು ಅಕ್ಕೋರೆ?’ ಬರೆ ಮಾರಾಯ್ತಿ, ಪತ್ರ ಅವನದ್ದು.

ಮಾರ್ಚ್ 18, ಸೋಮವಾರ

ನಾಳೆಯಿಂದ ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವುದು, ಶಾಲೆಯಲ್ಲಿ ಮನಸ್ಸು ಯಾರಿಗೂ ಇಲ್ಲ. ಇದೇ ಸಮಯ ಅಂತ ನಿಜವಾದ ಪೋಸ್ಟ್ ಕಾರ್ಡಿನ ಕೆಲಸ ಹಚ್ಚಿದೆ: ದೂರದಲ್ಲಿರುವ ನೆಂಟರಿಗೆ ಬರೆಯಿರಿ, ಮನೆಯಿಂದ ಅವರ ವಿಳಾಸ ತನ್ನಿ.

ವಿಳಾಸ ಸಿಗುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. 23 ಮಕ್ಕಳಲ್ಲಿ 23 ಜನ ಫೋನ್ ನಂಬರ್ ತಂದರು. ವಿಳಾಸ ತಂದವರು ಆರೇ ಜನ. ‘ಚಿಕ್ಕಪ್ಪ, ಬೆಂಗಳೂರು’ ಎಂದು ಒಬ್ಬ. ‘ದೊಡ್ಡಮ್ಮ, ಮಾವಿನಮರದ ಪಕ್ಕದ ಮನೆ’ ಎಂದು ಇನ್ನೊಬ್ಬಳು. ಎರಡನೆಯದು ನಮ್ಮ ಅಂಚೆಯಣ್ಣನ ಕೈಗೆ ಸಿಕ್ಕಿದ್ದರೆ ತಲುಪುತ್ತಿತ್ತು ಬಿಡಿ, ಆದರೆ ದೊಡ್ಡಮ್ಮ ಇರುವುದು ಗೋವಾದಲ್ಲಿ. ಮನೆಯವರು ಫೋನ್ ಮಾಡಿ ವಿಳಾಸ ಕೇಳಿದರೆ ಆಚೆಯವರಿಗೆ ಗಾಬರಿ, ಯಾಕೆ, ಏನಾಯಿತು ಅಂತ. ಹತ್ತು ದಿನ ಹಿಡಿಯಿತು.

ಬಂದ ವಿಳಾಸಗಳನ್ನು ಬೋರ್ಡಿನ ಮೇಲೆ ಬರೆದು ಬರೀ ಪಿನ್ ಕೋಡ್ ನೋಡಿದೆವು. ಶಿರಸಿ 581401. ಬೆಂಗಳೂರಿನದ್ದು 560ರಿಂದ ಶುರು, ಗೋವಾದ್ದು 403ರಿಂದ. ಮೊದಲ ಅಂಕಿ ದೇಶದ ಯಾವ ಭಾಗ ಅಂತ ಹೇಳುತ್ತದೆ, ನಮ್ಮದೂ ಆಂಧ್ರ, ತೆಲಂಗಾಣದ್ದೂ 5. ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಅಂಚೆ ಕಚೇರಿಯದ್ದು. 1972ರ ಆಗಸ್ಟ್ 15ಕ್ಕೆ ಇದು ಬಂದದ್ದು ಎಂದೆ. ‘ಅದಕ್ಕೂ ಮುಂಚೆ ಹೇಗೆ ಹೋಗ್ತಿತ್ತು?’ ಎಂದು ಪ್ರಶ್ನೆ. ಹೆಸರು ಓದಿಕೊಂಡು ಹೋಗುತ್ತಿತ್ತು ಮಾರಾಯ, ಒಂದೇ ಹೆಸರಿನ ಊರು ಹತ್ತಿದ್ದರೆ ಹತ್ತೂ ಕಡೆ ತಿರುಗಿ ಬರುತ್ತಿತ್ತು ಅಂದೆ. ಮಕ್ಕಳು ಅವತ್ತಿಡೀ ಒಬ್ಬರಿಗೊಬ್ಬರು ಪಿನ್ ಕೋಡ್ ಇಟ್ಟುಕೊಂಡು ಕರೆಯುತ್ತಿದ್ದರು.

ಏಪ್ರಿಲ್ 2, ಮಂಗಳವಾರ

ಜಾತ್ರೆ ಮುಗಿಯಿತು. ನಿಂತ ಪರೀಕ್ಷೆ 25ರಿಂದ ಮತ್ತೆ ನಡೆದು ಅದೂ ಮುಗಿಯಿತು. ಈಗ ಕಾರ್ಡು.

ನಮ್ಮೂರ ಅಂಚೆ ಕಚೇರಿಯಲ್ಲಿ ಒಂಬತ್ತೇ ಕಾರ್ಡು ಇದ್ದವು. ಉಳಿದದ್ದನ್ನು ಮಾಸ್ತರು ಪೇಟೆಯಿಂದ ತಂದರು. ಒಂದಕ್ಕೆ 50 ಪೈಸೆ. ಹಾಳಾದರೆ ಇರಲಿ ಅಂತ 40 ತಂದೆವು, 20 ರೂಪಾಯಿ. ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಅಗ್ಗದ್ದು ಸರ್ಕಾರದ ಕಾರ್ಡೇ. ನಮ್ಮ ಪ್ರೈಮರ್, ಪೇಂಟ್, ಬೀಗ, ಸೂಜಿ ಎಲ್ಲ ಸೇರಿ 400 ದಾಟಿತ್ತು.

ಜಾಗದ ಅಂದಾಜು ಮಕ್ಕಳಿಗೆ ಸಿಗಲಿಲ್ಲ. ಮೊದಲ ನಾಲ್ಕು ಸಾಲು ಜೋಳದಷ್ಟು ದೊಡ್ಡದು, ಕೊನೆಯ ನಾಲ್ಕು ಸಾಸಿವೆ. ಆಮೇಲೆ ಅದೇ ಅಳತೆಯ ರಟ್ಟು ಕತ್ತರಿಸಿ ಕೊಟ್ಟು ಮೊದಲು ಅದರ ಮೇಲೆ ಬರೆಸಿದೆ. ಗೆರೆಗೆ ಸೀಸದಕಡ್ಡಿ, ಬರಹಕ್ಕೆ ಬಾಲ್ ಪೆನ್. ಸ್ಕೆಚ್ ಪೆನ್ ಬೇಡ. ಬೆವರಿದ ಕೈ ತಾಗಿದರೆ ಕಲಸಿಹೋಗುತ್ತದೆ, ಮೂರು ಕಾರ್ಡು ಹಾಗೇ ಹೋದವು. ಗೋವಾಕ್ಕೆ ಹೋಗುವ ಕಾರ್ಡಿಗೆ ವಿಳಾಸ ಇಂಗ್ಲಿಷಿನಲ್ಲೂ ಬರೆದೆ.

‘ಇವರಿಂದ’ ಅಂತ ತಮ್ಮ ವಿಳಾಸ ಬರೆಯುವುದನ್ನು ಮಾತ್ರ ಎಷ್ಟು ಹೇಳಿದರೂ ಮರೆಯುತ್ತಾರೆ. ‘ದೊಡ್ಡಮ್ಮಂಗೆ ನಾನು ಯಾರು ಅಂತ ಗೊತ್ತಲ್ಲ!’ ಅಂತ ವಾದ.

ಮಧ್ಯಾಹ್ನ ಸಾಲಾಗಿ ಅಂಚೆ ಕಚೇರಿಗೆ ಹೋದೆವು. ಪೋಸ್ಟ್ ಮಾಸ್ಟರ್ ಕಾರ್ಡುಗಳನ್ನು ಎಣಿಸಿ, ಠಸ್ಸೆ ಎತ್ತಿ ಟಪ್ ಟಪ್ ಎಂದು ಶುರು ಮಾಡಿದರು. ಮಕ್ಕಳು ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದರು. ಹಿಂದಿನಿಂದ ಒಂದು ದನಿ, ‘ಇವರದ್ದು ಉಲ್ಟಾ ಬರೂದಿಲ್ಲ.’ ಅವರು ತಲೆ ಎತ್ತಿ, ಏನು ಅಂತ ಕೇಳಿದರು. ನಾನು ಬೇರೆ ಕಡೆ ನೋಡಿದೆ.

ಏಪ್ರಿಲ್ 6, ಶನಿವಾರ

ಅಡುಗೆಯಕ್ಕನ ಜೇಬಿನಲ್ಲಿ 11 ಪತ್ರ. ಆಕೆಗೆ ಓದು ಬಾರದು. ಇದನ್ನು ನಾನು ಮೊದಲೇ ಯೋಚಿಸಿ, ಯಾರಾದರೂ ಓದಿ ಹೇಳುವ ವ್ಯವಸ್ಥೆ ಮಾಡಬೇಕು ಅಂದುಕೊಂಡಿದ್ದೆ. ಆಕೆಗೆ ನನ್ನ ವ್ಯವಸ್ಥೆ ಬೇಕಿರಲಿಲ್ಲ. ಪಾತ್ರೆ ತೊಳೆದು, ಕೈ ಒರೆಸಿ, ಎರಡನೇ ತರಗತಿಯ ಹುಡುಗಿಯನ್ನು ಕರೆದು ಅಡುಗೆಮನೆಯ ಮೆಟ್ಟಿಲ ಮೇಲೆ ಕೂರಿಸಿಕೊಂಡರು. ಅವಳು ಅಕ್ಷರ ಜೋಡಿಸಿ ಜೋಡಿಸಿ ಓದಿದಳು, ‘ಅ-ಡು-ಗೆ-ಯ-ಕ್ಕ-ನಿ-ಗೆ. ಆವತ್ತು ಸಾಂಬಾರಿಗೆ ಉಪ್ಪು ಜಾಸ್ತಿ ಆಗಿತ್ತು. ನಾನು ಯಾರಿಗೂ ಹೇಳಲಿಲ್ಲ.’

‘ಯಾರು ಬರೆದದ್ದು?’ ಎಂದರು ಆಕೆ. ಹುಡುಗಿ ಕಾಗದ ತಿರುಗಿಸಿ ನೋಡಿ, ‘ಹೆಸರಿಲ್ಲ’ ಅಂದಳು. ಹನ್ನೊಂದನ್ನು ಓದಿ ಮುಗಿಸಲು ಒಂದು ಗಂಟೆ ಬೇಕಾಯಿತು. ಆ ಹುಡುಗಿಗೆ ಓದಿಸಲು ನಾನು ಅಷ್ಟು ಹೊತ್ತು ಯಾವತ್ತೂ ಕೂರಿಸಿಲ್ಲ, ಕೂತದ್ದೂ ಇಲ್ಲ.

ಏಪ್ರಿಲ್ 10, ಬುಧವಾರ

ನಿನ್ನೆ ಯುಗಾದಿ, ಇವತ್ತು ಶಾಲೆಯ ಕೊನೆಯ ದಿನ. ಐದನೆಯ ಆರು ಮಕ್ಕಳು ತಮಗೆ ತಾವೇ ಪತ್ರ ಬರೆದರು. ಮುಂದಿನ ಮಾರ್ಚಿನಲ್ಲಿ ಸಿಗಬೇಕು ಎಂದು ಲೆಕ್ಕ. ಲಕೋಟೆಗೆ ಹಳೇ ಕ್ಯಾಲೆಂಡರಿನ ದಪ್ಪ ಹಾಳೆ, ಚಿತ್ರ ಒಳಗೆ, ಬಿಳಿ ಬದಿ ಹೊರಗೆ. ಅಂಟಿಸಿದ ಮೇಲೆ ನಾನು ಓದುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಐದು ರೂಪಾಯಿಯ ಅಂಚೆಚೀಟಿ ಈಗಲೇ ಅಂಟಿಸಲಿಲ್ಲ. ಒಂದು ವರ್ಷದಲ್ಲಿ ದರ ಹೆಚ್ಚಾದರೆ ಮಕ್ಕಳಿಗೆ ದಂಡ ಬೀಳುತ್ತದೆ. ಆರೂ ಲಕೋಟೆ ಬೀರುವಿನಲ್ಲಿ, ಹಾಜರಿ ಪುಸ್ತಕದ ಕೆಳಗೆ, ನನಗೇ ಮರೆಯದ ಹಾಗೆ ಮೇಲೊಂದು ಚೀಟಿ. ನನಗೆ ವರ್ಗವಾದರೆ ಮಾಸ್ತರು ಹಾಕಬೇಕು.

ಕಾರ್ಡುಗಳ ಲೆಕ್ಕ: 23 ಹೋಗಿದ್ದವು. ಈವರೆಗೆ 17 ಮುಟ್ಟಿದೆ ಅಂತ ಫೋನ್ ಬಂದಿದೆ. ಫೋನೇ! ಕಾರ್ಡಿಗೆ ಕಾರ್ಡಿನಲ್ಲಿ ಉತ್ತರ ಬರೆದವರು ಇಬ್ಬರು. ಒಬ್ಬರು ಹುಬ್ಬಳ್ಳಿಯ ಅಜ್ಜ, ‘ಉಭಯ ಕುಶಲೋಪರಿ’ ಅಂತಲೇ ಶುರು ಮಾಡಿದ್ದರು. ಮೊಮ್ಮಗನಿಗೆ ಅರ್ಥವಾಗಲಿಲ್ಲ, ಮಂತ್ರ ಅಂದುಕೊಂಡ. ಇನ್ನೊಬ್ಬರು ಗೋವಾದ ದೊಡ್ಡಮ್ಮ. ‘ಜಾತ್ರೆಯಲ್ಲಿ ತೊಟ್ಟಿಲು ಹತ್ತಿದ್ಯಾ? ನಾನು ನಿನ್ನಷ್ಟು ಇರುವಾಗ ಹತ್ತಿ ವಾಂತಿ ಮಾಡಿಕೊಂಡಿದ್ದೆ, ನಿನ್ನ ಅಮ್ಮನ ಹತ್ತಿರ ಕೇಳು.’ ಹುಡುಗಿ ಆ ಕಾರ್ಡನ್ನು ಯಾರಿಗೂ ಮುಟ್ಟಲು ಬಿಡುತ್ತಿಲ್ಲ. ಉಳಿದ ಆರರಲ್ಲಿ ಎರಡಕ್ಕೆ ಪಿನ್ ಕೋಡಿನಲ್ಲಿ ಒಂದಂಕಿ ತಪ್ಪಿತ್ತು ಎಂದು ಆಮೇಲೆ ಪುಸ್ತಕ ನೋಡಿದಾಗ ಸಿಕ್ಕಿತು. ಮುಂದಿನ ವರ್ಷ ಕಾರ್ಡು ಕೊಡುವ ಮುಂಚೆ ಅಂಕಿ ಜೋರಾಗಿ ಓದಿಸಬೇಕು.

ಡಬ್ಬಿಯನ್ನು ಕಂಬದಲ್ಲೇ ಬಿಟ್ಟೆವು. ಜೇಬಿನ ಸೀರೆ ಮಡಿಸಿ ಶಾಲೆಯೊಳಗೆ ಇಟ್ಟೆವು.

ಮೇ 29, ಬುಧವಾರ

ಶಾಲೆ ತೆರೆಯಿತು. ಮೊದಲು ಡಬ್ಬಿ ನೋಡಿದೆ. ಪೇಂಟ್ ಗಟ್ಟಿ ಇದೆ. ಹಿಂಜಸ್ ಮಾತ್ರ ಎರಡು ಮುಂಗಾರು ಪೂರ್ವ ಮಳೆಗೇ ತುಕ್ಕು ಹಿಡಿದು ಕಿರ್ ಅನ್ನುತ್ತಿತ್ತು, ಮಳೆಗಾಲಕ್ಕೆ ನಿಲ್ಲುವುದಿಲ್ಲ. ಅದನ್ನು ತೆಗೆದು ಸೈಕಲ್ ಟ್ಯೂಬಿನ ಎರಡು ಪಟ್ಟಿ ಕತ್ತರಿಸಿ, ವಾಷರ್ ಕೊಟ್ಟು ನಟ್ಟು ಬೋಲ್ಟು ಬಿಗಿದೆವು. ಮೊದಲೇ ಹೀಗೆ ಮಾಡಬಹುದಿತ್ತು. ಬೀಗಕ್ಕೆ ಎರಡು ಹನಿ ಎಣ್ಣೆ.

ಬಾಗಿಲು ತೆರೆದರೆ ಮೇಲಿನ ಮೂಲೆಯಲ್ಲಿ ಕಣಜದ ಮಣ್ಣಿನ ಗೂಡು. ಕೆಳಗೆ ಒಂದು ಕಾಗದ. ರಜೆಯಲ್ಲಿ ಯಾರೋ ಹಾಕಿ ಹೋದದ್ದು. ನೋಟ್‌ಬುಕ್ಕಿನ ಅರ್ಧ ಹಾಳೆ, ಮೇಲೆ ನಮ್ಮ ಸೌಟಿನ ಅಂಚೆಚೀಟಿ, ತಾರೀಖು ಏಪ್ರಿಲ್ 19.

‘ಅಕೋರಿಗೆ. ಟಾಂಕಿ ನಲಿ ಸೋರತಾ ಇದೆ. ನಾನು ಬಟೆ ಕಟಿದೆ ನಿಲಲಿಲ. ಬೇಗ ಬನಿ. ನೀವು ರಜೆಯಲಿ ಎಲಿ ಇರತೀರಿ?’

ಹಿತ್ತಲಿಗೆ ಹೋಗಿ ನೋಡಿದೆ. ನಲ್ಲಿಯ ಕುತ್ತಿಗೆಗೆ ಬಟ್ಟೆ ಸುತ್ತಿ ಬಾಳೆಪಟ್ಟೆಯ ಹಗ್ಗ ಕಟ್ಟಿತ್ತು. ಟ್ಯಾಂಕು ಪೂರ್ತಿ ಖಾಲಿ. ಮಾಸ್ತರು ವಾಷರ್ ತರಲು ಹೋದರು. ನಾನು ಉತ್ತರ ಬರೆಯಲು ಕೂತೆ. ಕಾಗದದಲ್ಲಿ ‘ಇವರಿಂದ’ ಇರಲಿಲ್ಲ, ಹೆಸರೂ ಇರಲಿಲ್ಲ. ಒಂದೇ ಒಂದು ಒತ್ತಕ್ಷರವೂ ಇರಲಿಲ್ಲ, ಹಾಗಾಗಿ ಯಾವ ಜೇಬಿಗೆ ಹಾಕಬೇಕೆಂದು ಯಾರನ್ನೂ ಕೇಳಬೇಕಾಗಲಿಲ್ಲ.